ಶಾಲೆಯ ಶೂಟಿಂಗ್ ತಂಡ: ದುಡ್ಡು ಯಾರದು, ಲೆಕ್ಕ ಯಾರ ಹತ್ತಿರ?

ಪ್ರಶ್ನೆ: ನಾವು ಅಮೆರಿಕದ ಮಿನ್ನೆಸೋಟದಲ್ಲಿದ್ದೇವೆ. ನನ್ನ ತವರು ಮಡಿಕೇರಿ ಕಡೆ, ಹಾಗಾಗಿ ಬಂದೂಕು ನನಗೆ ಹೊಸದಲ್ಲ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ .22 ರೈಫಲ್ ಹಿಡಿದು ಗುಂಡು ಹೊಡೆದಿದ್ದೇನೆ. ಈಗ 9ನೇ ತರಗತಿಯ ಮಗಳು ಶಾಲೆಯ ಕ್ಲೇ ಟಾರ್ಗೆಟ್ (ಹಾರುವ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ ಆಟ) ತಂಡಕ್ಕೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಪೋಷಕರ ಸಭೆಯಲ್ಲಿ ದುಡ್ಡಿನ ವಿಷಯ ಕೇಳಿದೆ. "ಇದಕ್ಕೆ ನಿಮ್ಮ ತೆರಿಗೆಯ ಒಂದು ಡಾಲರ್ ಕೂಡ ಹೋಗಲ್ಲ" ಎಂದರು ಕೋಚ್. ಆದರೆ ಗೆಳತಿಯೊಬ್ಬಳು "ಫೆಡರಲ್ (ಕೇಂದ್ರ) ಸರ್ಕಾರ ದುಡ್ಡು ಕೊಡುತ್ತೆ, ನಡುವೆ ನಿಲ್ಲಿಸಿದ್ದರು, ಆಮೇಲೆ ಮತ್ತೆ ಶುರು ಮಾಡಿದರು" ಎನ್ನುತ್ತಾಳೆ. ಯಾವುದು ನಿಜ? ತಂಡದ ಲೆಕ್ಕಪತ್ರ ಕೇಳುವ ಹಕ್ಕು ನನಗಿದೆಯೇ? ಯಾರನ್ನು ಕೇಳಬೇಕು? ಮಾಹಿತಿಗೆ ಹೇಳುತ್ತೇನೆ: ಯಜಮಾನರದು ಎಚ್-1ಬಿ ವೀಸಾ, ನನ್ನದು ಮತ್ತು ಮಗಳದು ಎಚ್-4.

ಉತ್ತರ: ನೀವು ಕೊನೆಯಲ್ಲಿ "ಮಾಹಿತಿಗೆ" ಎಂದು ಬರೆದ ಸಾಲಿನಿಂದಲೇ ಶುರು ಮಾಡುತ್ತೇನೆ. ನೀವು ಅದರ ಬಗ್ಗೆ ಪ್ರಶ್ನೆ ಕೇಳಿಲ್ಲ, ಆದರೆ ಎಲ್ಲಕ್ಕಿಂತ ತುರ್ತಾದದ್ದು ಅದೇ.

ವಲಸಿಗರಲ್ಲದ ವೀಸಾದ ಮೇಲೆ, ಅಂದರೆ ಎಚ್-1ಬಿ, ಎಚ್-4, ಎಫ್-1 ಇಂಥವುಗಳ ಮೇಲೆ ಇಲ್ಲಿ ಇರುವವರು ಬಂದೂಕನ್ನಾಗಲಿ ಕಾಡತೂಸನ್ನಾಗಲಿ ತಮ್ಮ ಬಳಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ಕಾನೂನು ಸಂಹಿತೆಯ 18ನೇ ಭಾಗದ 922(ಜಿ)(5)(ಬಿ) ಕಲಂ ಇದು. ಸ್ವಂತ ಬಂದೂಕು ಇದ್ದರೆ ಮಾತ್ರ ತೊಂದರೆ ಎಂದುಕೊಳ್ಳಬೇಡಿ. ರೇಂಜ್‌ನಲ್ಲಿ, ಅಂದರೆ ಗುಂಡು ಹೊಡೆಯುವ ಜಾಗದಲ್ಲಿ, ತಂಡದ ಶಾಟ್‌ಗನ್ ಅನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದರೂ ಕಾನೂನಿನ ಲೆಕ್ಕಕ್ಕೆ ಅದು ಸೇರಬಹುದು. ಈ ನಿಷೇಧಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ನಿಮಗೆ ಮುಖ್ಯವಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಪರವಾನಗಿ ಕೈಯಲ್ಲಿ ಇರುವುದು. ನಿಮ್ಮ ಮಗಳ ವಯಸ್ಸಿಗೆ, ಅವಳ ವೀಸಾಗೆ ಆ ವಿನಾಯಿತಿ ಹೇಗೆ ಹೊಂದುತ್ತದೆ ಎಂಬುದನ್ನು ವಲಸೆ ವಕೀಲರಿಂದ ಬರಹದಲ್ಲಿ ಪಡೆಯಿರಿ. ಅದು ಕೈಗೆ ಬರುವವರೆಗೆ ಅವಳು ರೇಂಜ್‌ಗೆ ಹೋಗಿ ನೋಡಬಹುದು, ಬಂದೂಕು ಮುಟ್ಟುವುದು ಬೇಡ. ನೀವೂ ಅಷ್ಟೇ. ಮಡಿಕೇರಿಯ ಅಭ್ಯಾಸದಿಂದ "ಕೊಡು ನೋಡೋಣ" ಎಂದು ಕೈ ಚಾಚಬೇಡಿ. ಗ್ರೀನ್ ಕಾರ್ಡ್ ಇರುವವರಿಗೆ ಈ ಕಲಂ ಅನ್ವಯಿಸುವುದಿಲ್ಲ. ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ರೈಫಲ್ ಫೆಡರಲ್ ಕಾನೂನಿನ ಪ್ರಕಾರ ಬಂದೂಕೇ ಅಲ್ಲ. ಆದ್ದರಿಂದ ಏರ್ ರೈಫಲ್ ತಂಡಕ್ಕೆ ಈ ತೊಡಕಿಲ್ಲ.

ಕೋಚ್‌ಗಳಿಗೆ ಈ ವಿಷಯ ಗೊತ್ತಿರುವುದು ಕಡಿಮೆ. ನೋಂದಣಿ ಫಾರ್ಮ್‌ನಲ್ಲಿ ವೀಸಾ ಬಗ್ಗೆ ಕೇಳುವ ರೂಢಿಯೂ ಇಲ್ಲ. ಕೇಳಬಾರದು ಎಂಬುದೇ ನನ್ನ ಅಭಿಪ್ರಾಯ, ಮಕ್ಕಳ ವಲಸೆ ಸ್ಥಿತಿಯನ್ನು ಶಾಲೆ ಕೆದಕಬಾರದು. ಆದರೆ ಹೀಗೊಂದು ಕಾನೂನಿದೆ ಎಂಬ ಎರಡು ಸಾಲು ನೋಂದಣಿ ಕಾಗದದ ಮೇಲೆ ಇರಲೇಬೇಕು. ಅದು ಇಲ್ಲದಿರುವುದು ಶಾಲೆಯ ತಪ್ಪು. ಇದನ್ನು ಸ್ಕೂಲ್ ಬೋರ್ಡ್‌ಗೆ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಚುನಾಯಿತ ಮಂಡಳಿಗೆ, ಬರೆದು ತಿಳಿಸಿ. ನಿಮ್ಮ ಹಾಗೆಯೇ ಇರುವ ಇನ್ನೆಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ.

ಈಗ ದುಡ್ಡಿನ ವಿಷಯ. ನಿಮ್ಮ ಗೆಳತಿ ಹೇಳಿದ್ದಕ್ಕೆ ಒಂದು ನಿಜವಾದ ಹಿನ್ನೆಲೆ ಇದೆ. 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿ ಎಂಬ ಊರಿನ ಪ್ರಾಥಮಿಕ ಶಾಲೆಗೆ ಬಂದೂಕು ಹಿಡಿದು ನುಗ್ಗಿದವನೊಬ್ಬ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ಅದಾಗಿ ಒಂದು ತಿಂಗಳಿಗೆ, ಜೂನ್ 25ರಂದು, ಎರಡೂ ಪಕ್ಷಗಳ ಬೆಂಬಲದಿಂದ ಹೊಸ ಕಾನೂನು ಬಂತು. ಅದರ ಒಂದು ಸಣ್ಣ ಕಲಂ, ಶಾಲೆಗಳಿಗೆ ಫೆಡರಲ್ ಹಣ ಕೊಡುವ 1965ರ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಯನ್ನು ತಿದ್ದಿತು. ಈ ಕಾಯ್ದೆಯ ಹಣದಿಂದ ಯಾರಿಗೂ ಅಪಾಯಕಾರಿ ಆಯುಧ ಕೊಡುವಂತಿಲ್ಲ, ಅದನ್ನು ಬಳಸುವ ತರಬೇತಿಯನ್ನೂ ಕೊಡುವಂತಿಲ್ಲ ಎಂದಿತು ಆ ಕಲಂ.

ಇಂಥ ಸಾಲು ಯಾಕೆ ಬೇಕಾಯಿತು? 2018ರಲ್ಲಿ ಬೆಟ್ಸಿ ಡಿವೋಸ್ ಶಿಕ್ಷಣ ಕಾರ್ಯದರ್ಶಿಯಾಗಿದ್ದಾಗ (ನಮ್ಮಲ್ಲಿಯ ಶಿಕ್ಷಣ ಮಂತ್ರಿ ಇದ್ದ ಹಾಗೆ), ಈ ಫೆಡರಲ್ ಹಣದಲ್ಲಿ ಶಿಕ್ಷಕರಿಗೆ ಬಂದೂಕು ಕೊಡಿಸಬಹುದೇ ಎಂಬ ಚರ್ಚೆ ಎದ್ದಿತ್ತು. ಆ ಬಾಗಿಲು ಮುಚ್ಚುವುದು ಈ ಕಲಮಿನ ಗುರಿ ಎಂದು ಬಹಳ ಜನ ತಿಳಿದಿದ್ದರು. ಆದರೆ ಬರೆದ ಸಾಲು ಅಗಲವಾಗಿತ್ತು. ಅದನ್ನು ಇದ್ದ ಹಾಗೆಯೇ ಓದಿದ ಶಿಕ್ಷಣ ಇಲಾಖೆ 2023ರಲ್ಲಿ ಒಂದು ತೀರ್ಮಾನಕ್ಕೆ ಬಂತು. ಶಾಲೆಯ ಬಿಲ್ಲುಗಾರಿಕೆ, ಬೇಟೆ ಸುರಕ್ಷತೆಯ ಪಾಠ, ಶೂಟಿಂಗ್ ತಂಡ, ಇವು ಯಾವುದಕ್ಕೂ ಆ ಕಾಯ್ದೆಯ ಹಣ ಸಲ್ಲದು ಎಂದಿತು. ಹಳ್ಳಿಗಾಡಿನ ಶಾಲೆಗಳಲ್ಲಿ ಗದ್ದಲ ಎದ್ದಿತು. ಕೆಲವು ಕಡೆ ಬಿಲ್ಲುಗಾರಿಕೆ ತರಗತಿಗಳನ್ನೇ ಕೈಬಿಡುವ ಮಾತು ಬಂತು. 2022ರ ಕಾನೂನನ್ನು ರೂಪಿಸಿದ್ದ ಸೆನೆಟರ್‌ಗಳಲ್ಲೇ ಕೆಲವರು "ನಮ್ಮ ಉದ್ದೇಶ ಇದಾಗಿರಲಿಲ್ಲ" ಎಂದು ಇಲಾಖೆಗೆ ಪತ್ರ ಬರೆದರು.

ತಿದ್ದುಪಡಿಗೆ ಜಾಸ್ತಿ ಕಾಲ ಹಿಡಿಯಲಿಲ್ಲ. 2023ರ ಸೆಪ್ಟೆಂಬರ್ 26ರಂದು ಕೆಳಮನೆಯಲ್ಲಿ 424 ಮತ ಪರ, 1 ಮತ ವಿರೋಧ. ಸೆನೆಟ್‌ನಲ್ಲಿ ಒಬ್ಬರೂ ತಕರಾರು ತೆಗೆಯಲಿಲ್ಲ. ಅಕ್ಟೋಬರ್ 6ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಬಿಲ್ಲುಗಾರಿಕೆ, ಬೇಟೆ, ಇತರ ಶೂಟಿಂಗ್ ಕ್ರೀಡೆ, ಅಡುಗೆ ಕಲೆ, ಇಂಥ ಕಲಿಕೆಯ ಚಟುವಟಿಕೆಗಳಿಗೆ ಆ ನಿಷೇಧದಿಂದ ವಿನಾಯಿತಿ ಸಿಕ್ಕಿತು. ಅಡುಗೆ ಕಲೆ ಇಲ್ಲಿ ಯಾಕೆ ಬಂತು ಎಂದು ಆಶ್ಚರ್ಯವಾಗಬಹುದು. ಹಳೆಯ ಕಲಂ ಅಪಾಯಕಾರಿ ಆಯುಧಕ್ಕೆ ಬಳಸಿಕೊಂಡಿದ್ದ ವ್ಯಾಖ್ಯೆಯಲ್ಲಿ, ಎರಡೂವರೆ ಇಂಚಿಗಿಂತ ಸಣ್ಣ ಅಲಗಿನ ಜೇಬು ಚಾಕುವಿಗೆ ಮಾತ್ರ ರಿಯಾಯಿತಿ ಇತ್ತು. ಅಡುಗೆ ತರಗತಿಯ ಚಾಕು ಅದಕ್ಕಿಂತ ಉದ್ದ ಇರುತ್ತದೆ, ಅಲ್ವಾ? ಹಾಗಾಗಿ ಅದನ್ನೂ ಹೆಸರಿಸಬೇಕಾಯಿತು.

"ನಿಲ್ಲಿಸಿದ್ದರು, ಮತ್ತೆ ಶುರು ಮಾಡಿದರು" ಎಂದು ನಿಮ್ಮ ಗೆಳತಿ ಹೇಳಿದ್ದು ಇದನ್ನೇ. ಆದರೆ 2023ರ ಕಾನೂನು ಶೂಟಿಂಗ್ ತಂಡಗಳಿಗೆ ಹೊಸದಾಗಿ ಒಂದು ಡಾಲರ್ ಕೊಡಲಿಲ್ಲ. ಖರ್ಚು ಮಾಡಬಾರದು ಎಂಬ ಅಡ್ಡಿಯನ್ನು ತೆಗೆಯಿತು, ಅಷ್ಟೇ. ಖರ್ಚು ಮಾಡಿದರೆ ಹೇಗೆ ವರದಿ ಕೊಡಬೇಕು, ಸುರಕ್ಷತೆಗೆ ಯಾವ ಷರತ್ತು ಇರಬೇಕು ಎಂಬುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ನನಗೆ ಬೇಸರ ಇರುವುದು ಇಲ್ಲಿ. ಎರಡೂ ಪಕ್ಷಗಳು ಕೈಜೋಡಿಸಿ, ಹೆಚ್ಚೂಕಡಿಮೆ ಒಂದೇ ದನಿಯಲ್ಲಿ ಒಪ್ಪಿದ ದಿನವೇ "ಸರಿ, ಕಲಿಸಿ, ಆದರೆ ಲೆಕ್ಕ ಕೊಡಿ" ಎಂಬ ಒಂದು ವಾಕ್ಯ ಸೇರಿಸಿದ್ದರೆ ಯಾರೂ ವಿರೋಧಿಸುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಅಂಥ ಅವಕಾಶ ಮತ್ತೆ ಬರುವುದು ಕಷ್ಟ.

ಇನ್ನು ಕೋಚ್ ಹೇಳಿದ ಮಾತು. ಮಿನ್ನೆಸೋಟದ ಕ್ಲೇ ಟಾರ್ಗೆಟ್ ತಂಡ ನಡೆಯುವ ರೀತಿ ಗೊತ್ತಿದ್ದರೆ ಅವರು ಯಾಕೆ ಹಾಗಂದರು ಎಂದು ತಿಳಿಯುತ್ತದೆ. 2001ರಲ್ಲಿ ಪ್ಲಿಮತ್ ಗನ್ ಕ್ಲಬ್‌ನಲ್ಲಿ ಜಿಮ್ ಸೇಬಲ್ ಎಂಬವರು ಇದನ್ನು ಶುರು ಮಾಡಿದರು. ಕ್ಲಬ್‌ಗೆ ಬರುವವರೆಲ್ಲ ವಯಸ್ಸಾದವರೇ, ಹುಡುಗರು ಬರುತ್ತಿಲ್ಲ ಎಂಬುದು ಅವರ ಚಿಂತೆಯಾಗಿತ್ತು. ಈಗ ಇದು ರಾಜ್ಯದ ದೊಡ್ಡ ಶಾಲಾ ಚಟುವಟಿಕೆಗಳಲ್ಲಿ ಒಂದು. ಪ್ರತಿ ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ನಡೆಯುವ ಚಾಂಪಿಯನ್‌ಶಿಪ್‌ಗೆ ಸಾವಿರಾರು ಮಕ್ಕಳು ಬರುತ್ತಾರೆ. ಗಂಡು ಹೆಣ್ಣು ಎಂಬ ಬೇರೆ ಬೇರೆ ತಂಡ ಇಲ್ಲ, ಒಟ್ಟಿಗೆ ಆಡುತ್ತಾರೆ. ನಿಮ್ಮ ಮಗಳಿಗೆ ಇಷ್ಟವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಅಭ್ಯಾಸ ಶಾಲೆಯ ಅಂಗಳದಲ್ಲಿ ನಡೆಯುವುದಿಲ್ಲ. ಹತ್ತಿರದ ಗನ್ ಕ್ಲಬ್‌ನಲ್ಲಿ ನಡೆಯುತ್ತದೆ. ಅಲ್ಲಿ ಹೊಡೆದ ಅಂಕಗಳನ್ನು ಆನ್‌ಲೈನ್‌ನಲ್ಲಿ ಕಳಿಸುತ್ತಾರೆ. ಎದುರಾಳಿ ತಂಡದ ಊರಿಗೆ ಬಸ್ ಮಾಡಿಕೊಂಡು ಹೋಗುವುದಿಲ್ಲ. ಸೀಸನ್‌ನಲ್ಲಿ ವಾರಕ್ಕೆ 50 ಗುರಿಗಳು, ಅಂದರೆ 25ರ ಎರಡು ಪೆಟ್ಟಿಗೆ ಕಾಡತೂಸು. ಶಾಟ್‌ಗನ್ ಬಹಳ ಮಟ್ಟಿಗೆ ಮನೆಯವರದೇ. ಕೋಚ್‌ಗಳು ಹೆಚ್ಚಾಗಿ ಸ್ವಯಂಸೇವಕರು. ಶುಲ್ಕ ತಂದೆ ತಾಯಿ ಕೊಡುತ್ತಾರೆ. ಉಳಿದದ್ದು ದೇಣಿಗೆಯಿಂದ. ಶಾಲೆಯ ಬಜೆಟ್ ಪುಸ್ತಕ ತೆಗೆದರೆ ಈ ತಂಡದ ಹೆಸರಿನಲ್ಲಿ ದೊಡ್ಡ ಮೊತ್ತ ಕಾಣುವುದಿಲ್ಲ. ಕೋಚ್ ಅದನ್ನು ನೋಡಿಯೇ ಆ ಮಾತು ಹೇಳಿರಬೇಕು.

ಆದರೆ ಅವರು ನಿಂತು ಹೇಳಿಕೊಡುವ ಆ ರೇಂಜ್ ಇದೆಯಲ್ಲ, ಅದರ ದುಡ್ಡು ಎಲ್ಲಿಂದ ಬಂತು ಎಂದು ಕೇಳಿ ನೋಡಿ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಶೂಟಿಂಗ್ ರೇಂಜ್‌ಗಳ ಸುಧಾರಣೆಗೆ ಅನುದಾನ ಕೊಡುತ್ತದೆ. ಮಕ್ಕಳು ತಂಡ ಸೇರುವ ಮೊದಲು ಮಾಡಿಕೊಳ್ಳಬೇಕಾದ ಬಂದೂಕು ಸುರಕ್ಷತೆ ಪ್ರಮಾಣಪತ್ರದ ಕೋರ್ಸ್ ಕೂಡ ಅದೇ ಇಲಾಖೆಯದು. ಇಂಥ ಕೆಲಸಕ್ಕೆ ರಾಜ್ಯಗಳಿಗೆ ಬರುವ ಫೆಡರಲ್ ಹಣದ ಮೂಲ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ.

ಈ ಕಾಯ್ದೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅಮೆರಿಕದಲ್ಲಿ ಬಹಳ ವರ್ಷ ಇದ್ದವರಿಗೂ ಇದು ಗೊತ್ತಿರುವುದಿಲ್ಲ. ರೈಫಲ್, ಶಾಟ್‌ಗನ್, ಕಾಡತೂಸುಗಳ ತಯಾರಕರು ಮತ್ತು ಆಮದುದಾರರು ಮಾರಾಟದ ಮೇಲೆ ಶೇ 11 ಅಬಕಾರಿ ಸುಂಕ ಕಟ್ಟುತ್ತಾರೆ. ಪಿಸ್ತೂಲಿಗೆ ಶೇ 10. 1970ರ ದಶಕದ ಆರಂಭದ ತಿದ್ದುಪಡಿಗಳಿಂದ ಬಿಲ್ಲು ಬಾಣಗಳೂ ಸೇರಿದವು, ಬೇಟೆ ಸುರಕ್ಷತೆಯ ಶಿಕ್ಷಣಕ್ಕೂ ಪಾಲು ಸಿಕ್ಕಿತು. ಆ ಹಣ ಫೆಡರಲ್ ಮೀನು ಮತ್ತು ವನ್ಯಜೀವಿ ಸೇವೆಯ ಮೂಲಕ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 2022ರಲ್ಲಿ ಹಂಚಿದ ಮೊತ್ತ 100 ಕೋಟಿ ಡಾಲರ್ ದಾಟಿತ್ತು. ಬಹುಪಾಲು ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಒಂದು ಭಾಗ ಬೇಟೆ ಶಿಕ್ಷಣಕ್ಕೆ, ರೇಂಜ್ ಕಟ್ಟುವುದಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ರಾಜ್ಯ ತನ್ನ ಕಡೆಯಿಂದ ಶೇ 25 ಹಾಕಬೇಕು. 2019ರ ತಿದ್ದುಪಡಿಯ ನಂತರ ಸಾರ್ವಜನಿಕ ರೇಂಜ್‌ಗಳಿಗೆ ಶೇ 10 ಹಾಕಿದರೂ ಸಾಕು.

ಇದು ತೆರಿಗೆಯೇ. ನೀವು ಬಂದೂಕು ಕೊಂಡಿಲ್ಲದಿದ್ದರೆ ನಿಮ್ಮ ಜೇಬಿನಿಂದ ಹೋಗಿಲ್ಲ, ನಿಜ. ಆದರೆ ಸರ್ಕಾರದ ಖಜಾನೆಗೆ ಬಂದ ಮೇಲೆ ಅದು ಎಲ್ಲರ ಹಣ. "ಬಂದೂಕಿನವರ ದುಡ್ಡು ಬಂದೂಕಿನವರಿಗೆ" ಎಂಬ ವಾದ ಇಲ್ಲಿ ಆಗಾಗ ಕೇಳುತ್ತೇನೆ. ನಾನು ಅದನ್ನು ಒಪ್ಪುವುದಿಲ್ಲ. ಪೆಟ್ರೋಲಿನ ಸುಂಕದಿಂದ ಹಾಕಿದ ರಸ್ತೆಯ ಲೆಕ್ಕವನ್ನು ಸೈಕಲ್ ತುಳಿಯುವವನೂ ಕೇಳಬಹುದು. ಹಾಗೆ ನೋಡಿದರೆ ಈ ಹಣಕ್ಕೆ ಕಾವಲು ಚೆನ್ನಾಗಿಯೇ ಇದೆ. ಆ ಮೀನು ಮತ್ತು ವನ್ಯಜೀವಿ ಸೇವೆ ಬರುವ ಫೆಡರಲ್ ಇಂಟೀರಿಯರ್ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ರಾಜ್ಯ ವನ್ಯಜೀವಿ ಇಲಾಖೆಗಳನ್ನು ಸರದಿಯಂತೆ ಆಡಿಟ್ ಮಾಡಿ ವರದಿಗಳನ್ನು ಪ್ರಕಟಿಸುತ್ತದೆ. ಬೇಟೆ ಪರವಾನಗಿಯ ಹಣವನ್ನು ರಾಜ್ಯ ಬೇರೆಡೆಗೆ ತಿರುಗಿಸಿದರೆ ಪಾಲು ಕಳೆದುಕೊಳ್ಳುವ ಅಪಾಯವಿದೆ. ದುಡ್ಡು ರಾಜ್ಯದ ಕೈಯಲ್ಲಿ ಇರುವವರೆಗೆ ಜಾಡು ಸಿಗುತ್ತದೆ. ಜಾಡು ತಪ್ಪುವುದು ಅದು ಊರಿನ ಮಟ್ಟಕ್ಕೆ ಇಳಿದ ಮೇಲೆ.

ನನ್ನ ಕೆಲಸ ಸ್ಕೂಲ್ ಡಿಸ್ಟ್ರಿಕ್ಟ್‌ಗಳ, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತ ಘಟಕಗಳ, ಲೆಕ್ಕ ತಪಾಸಣೆ. ಫುಟ್‌ಬಾಲ್, ಬ್ಯಾಂಡ್, ರೊಬೊಟಿಕ್ಸ್, ಶೂಟಿಂಗ್, ಎಲ್ಲದರ ಪುಸ್ತಕವನ್ನೂ ನೋಡಿದ್ದೇನೆ. ಕಳ್ಳತನ ನಾನು ಕಂಡದ್ದು ಕಡಿಮೆ. ಜಾಸ್ತಿ ಕಂಡದ್ದು ಇದು: ತಂಡದ ಹೆಸರು ಶಾಲೆಯದು, ಜೆರ್ಸಿ ಮೇಲಿನ ಚಿಹ್ನೆ ಶಾಲೆಯದು, ಮಕ್ಕಳು ಶಾಲೆಯವರು, ಆದರೆ ದುಡ್ಡು ಮಾತ್ರ ಶಾಲೆಯ ಪುಸ್ತಕದಲ್ಲಿ ಇಲ್ಲ. ಪೋಷಕರೇ ಸೇರಿ ಕಟ್ಟಿಕೊಂಡ ಬೂಸ್ಟರ್ ಕ್ಲಬ್‌ನ ಖಾತೆಯಲ್ಲಿ ಇರುತ್ತದೆ. ಆ ಕ್ಲಬ್ ತೆರಿಗೆ ವಿನಾಯಿತಿ ಇರುವ 501(ಸಿ)(3) ಸಂಸ್ಥೆ. ವರ್ಷಕ್ಕೆ ಸಾಮಾನ್ಯವಾಗಿ 50,000 ಡಾಲರ್ ಒಳಗೆ ಬಂದರೆ ಅದು ಕೊಡಬೇಕಾದದ್ದು 990-ಎನ್ ಎಂಬ ಪುಟ್ಟ ಇ-ಕಾರ್ಡ್ ಮಾತ್ರ. ಹೆಸರು, ವಿಳಾಸ, ಮುಖ್ಯಸ್ಥರು ಯಾರು, ನಾವು ಇನ್ನೂ ಇದ್ದೇವೆ, ಹೆಚ್ಚು ಕಡಿಮೆ ಇಷ್ಟೇ. ಎಷ್ಟು ಬಂತು, ಏನು ಕೊಂಡರು, ಬಂದೂಕು ಯಾರ ಹೆಸರಿನಲ್ಲಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಹೊರಗಿನ ದೇಣಿಗೆಗಳೂ ಹೀಗೆ ಪಕ್ಕದ ಬಾಗಿಲಿನಿಂದ ಬರಬಹುದು. ಮಿಡ್‌ವೇಯುಎಸ್‌ಎ ಫೌಂಡೇಶನ್ ಎಂಬ ಸಂಸ್ಥೆ ಶೂಟಿಂಗ್ ತಂಡಗಳ ಹೆಸರಿನಲ್ಲಿ ನಿಧಿ ಇಡುತ್ತದೆ. ತಂಡ ವರ್ಷಕ್ಕೆ ಅದರ ಶೇ 5ರವರೆಗೆ ತೆಗೆದುಕೊಳ್ಳಬಹುದು. ಬಂದೂಕು ಹಕ್ಕಿನ ಪರ ನಿಲ್ಲುವ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಫೌಂಡೇಶನ್ 2010ರಿಂದ 2016ರವರೆಗೆ ಸುಮಾರು 500 ಶಾಲೆಗಳಿಗೆ 70 ಲಕ್ಷ ಡಾಲರ್‌ಗೂ ಹೆಚ್ಚು ನೆರವು ಕೊಟ್ಟಿತ್ತು ಎಂದು ಅಸೋಸಿಯೇಟೆಡ್ ಪ್ರೆಸ್ 2018ರಲ್ಲಿ ಲೆಕ್ಕ ಹಾಕಿ ತೋರಿಸಿತು. ಆ ಲೆಕ್ಕ ಹೊರಬಂದ ಸಂದರ್ಭ ಬಹಳ ನೋವಿನದು. ಆ ವರ್ಷ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ 17 ಜನರನ್ನು ಕೊಂದವನು, ಹಿಂದೆ ಅದೇ ಶಾಲೆಯ ಜೆಆರ್‌ಒಟಿಸಿ ಏರ್ ರೈಫಲ್ ತಂಡದಲ್ಲಿದ್ದವನು. ಜೆಆರ್‌ಒಟಿಸಿ ಎಂದರೆ ನಮ್ಮ ಎನ್‌ಸಿಸಿ ಥರದ್ದು, 1916ರ ಕಾಯ್ದೆಯಿಂದ ಹುಟ್ಟಿದ್ದು, ಫೆಡರಲ್ ರಕ್ಷಣಾ ಹಣ ಪಡೆಯುವಂಥದ್ದು. ಆ ತಂಡಕ್ಕೂ ಆ ಫೌಂಡೇಶನ್‌ನಿಂದ 10,000 ಡಾಲರ್‌ಗೂ ಹೆಚ್ಚು ನೆರವು ಬಂದಿತ್ತು.

ಏರ್ ರೈಫಲ್ ತಂಡ ಅವನನ್ನು ಕೊಲೆಗಾರನನ್ನಾಗಿ ಮಾಡಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಆ ತಂಡದ ಉಳಿದ ಮಕ್ಕಳಿಗೆ ಮಾಡುವ ಅನ್ಯಾಯ. ನನ್ನನ್ನು ತಟ್ಟಿದ್ದು ಬೇರೆ. ನೆರವು ಎಷ್ಟು, ಯಾವ ಶಾಲೆಗೆ, ಯಾವ ರೂಪದಲ್ಲಿ ಬಂತು ಎಂಬ ಸರಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸುದ್ದಿಸಂಸ್ಥೆಯೊಂದು ದಾನಿಯ ತೆರಿಗೆ ದಾಖಲೆಗಳನ್ನು ಕೂಡಿಸಿದಾಗ. ಅದು ಶಾಲೆಗಳ ನಡಾವಳಿ ಪುಸ್ತಕದಿಂದ ಮೊದಲೇ ಸಿಗಬೇಕಿತ್ತು. ಅದಾದ ಮೇಲೆ ಪಾರ್ಕ್‌ಲ್ಯಾಂಡ್ ಇರುವ ಬ್ರೋವರ್ಡ್ ಕೌಂಟಿ ಮತ್ತು ಡೆನ್ವರ್ ಶಾಲೆಗಳು ಆ ದೇಣಿಗೆ ಬೇಡ ಎಂದವು. ಬೇರೆ ಕೆಲವು ಕಡೆ ಮುಂದುವರಿಸಿದರು. ಯಾವುದೇ ತೀರ್ಮಾನ ಇರಲಿ, ಜನರ ಮುಂದೆ ಚರ್ಚಿಸಿ ಮಾಡಿದರೆ ಅದಕ್ಕೊಂದು ಬೆಲೆ.

ನಿಮ್ಮ ರಾಜ್ಯದಲ್ಲಿ ಇದಕ್ಕೆ ಗಟ್ಟಿಯಾದ ಕಾನೂನೇ ಇದೆ. ಸ್ಕೂಲ್ ಡಿಸ್ಟ್ರಿಕ್ಟ್ ಯಾವುದೇ ದೇಣಿಗೆ ಸ್ವೀಕರಿಸಬೇಕಾದರೆ ಬೋರ್ಡ್ ನಿರ್ಣಯ ಮಾಡಬೇಕು, ಅದಕ್ಕೆ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕು ಎನ್ನುತ್ತದೆ ಮಿನ್ನೆಸೋಟ ಶಾಸನದ 465.03 ಕಲಂ. ಪಠ್ಯೇತರ ಚಟುವಟಿಕೆಗಳನ್ನು ಬೋರ್ಡ್ ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು ಎನ್ನುತ್ತದೆ 123ಬಿ.49. ಡಿಸ್ಟ್ರಿಕ್ಟ್‌ನ ಎಲ್ಲ ಲೆಕ್ಕವೂ ರಾಜ್ಯದ ಒಂದೇ ಪದ್ಧತಿಯಲ್ಲಿ, ಯುಫಾರ್ಸ್ ಎಂಬ ಸಂಕೇತಗಳಲ್ಲಿ ಬರೆಯಬೇಕು. ಪ್ರತಿ ವರ್ಷ ಹೊರಗಿನ ಆಡಿಟ್ ಆಗಿ, ಡಿಸೆಂಬರ್ ಕೊನೆಯೊಳಗೆ ರಾಜ್ಯದ ಶಿಕ್ಷಣ ಇಲಾಖೆಗೆ ಹೋಗಬೇಕು.

ಹಾಗಾಗಿ ನಿಮಗೆ ಕೇಳುವ ಹಕ್ಕು ಖಂಡಿತ ಇದೆ. ಮಿನ್ನೆಸೋಟದ ಸರ್ಕಾರಿ ದತ್ತಾಂಶ ಕಾಯ್ದೆ, ಅಂದರೆ ಶಾಸನದ 13ನೇ ಅಧ್ಯಾಯ, ಭಾರತದ ಮಾಹಿತಿ ಹಕ್ಕು ಕಾಯ್ದೆಯ ನೆಂಟ ಎನ್ನಬಹುದು. ನೀವು ಪ್ರಜೆ ಆಗಿರಬೇಕಿಲ್ಲ. ಯಾಕೆ ಬೇಕು ಎಂದು ಹೇಳಬೇಕಿಲ್ಲ. ಸಾರ್ವಜನಿಕ ದಾಖಲೆಗಳನ್ನು ಕಚೇರಿಯಲ್ಲಿ ಕೂತು ನೋಡುವುದಕ್ಕೆ ದುಡ್ಡು ಕೇಳುವಂತಿಲ್ಲ, ಪ್ರತಿ ಬೇಕಾದರೆ ಮಾತ್ರ ಶುಲ್ಕ. ನಮ್ಮಲ್ಲಿಯ ಹಾಗೆ 30 ದಿನಗಳ ಗಡುವು ಇಲ್ಲ, ಸಮಂಜಸವಾದ ಸಮಯದಲ್ಲಿ ಕೊಡಬೇಕು ಎಂದಿದೆ. ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಇದಕ್ಕೆಂದೇ ಹೊಣೆ ಹೊತ್ತ ಒಬ್ಬ ಅಧಿಕಾರಿ ಇರುತ್ತಾರೆ. ಅವರ ಹೆಸರು ವೆಬ್‌ಸೈಟ್‌ನಲ್ಲಿ ಸಿಗದಿದ್ದರೆ ಬಿಸಿನೆಸ್ ಮ್ಯಾನೇಜರ್ ಕಚೇರಿಗೆ ಫೋನ್ ಮಾಡಿ. ಕೋಚ್‌ಗೆ ಬರೆಯಬೇಡಿ. ಅವರು ಸಂಜೆ ಹೊತ್ತು ಮಕ್ಕಳಿಗಾಗಿ ಸಮಯ ಕೊಡುವವರು. ಅವರ ಮೇಲೆ ಅನುಮಾನ ಪಟ್ಟ ಹಾಗೆ ಆಗುತ್ತದೆ, ಉತ್ತರವೂ ಸಿಗುವುದಿಲ್ಲ.

ಏನು ಕೇಳಬೇಕು? ಮೊದಲು, ಈ ತಂಡವನ್ನು ಬೋರ್ಡ್ ಯಾವ ಸಭೆಯಲ್ಲಿ ಒಪ್ಪಿಕೊಂಡಿತು, ಆ ನಡಾವಳಿ ಕೊಡಿ ಎನ್ನಿ. ಇದು ಬರೀ ಕಾಗದದ ಮಾತಲ್ಲ. 1994ರ ಗನ್-ಫ್ರೀ ಸ್ಕೂಲ್ಸ್ ಕಾಯ್ದೆ, ಬಂದೂಕು ತಂದ ವಿದ್ಯಾರ್ಥಿಯನ್ನು ಒಂದು ವರ್ಷ ಹೊರಹಾಕಬೇಕು ಎನ್ನುತ್ತದೆ. ಡಿಸ್ಟ್ರಿಕ್ಟ್ ಒಪ್ಪಿಕೊಂಡ ಚಟುವಟಿಕೆಗೆ ಅದರಿಂದ ವಿನಾಯಿತಿ ಇದೆ, ಆದರೆ ಮಕ್ಕಳ ಸುರಕ್ಷತೆಗೆ ತಕ್ಕ ಕ್ರಮಗಳನ್ನು ಡಿಸ್ಟ್ರಿಕ್ಟ್ ಕೈಗೊಂಡಿದ್ದರೆ ಮಾತ್ರ. ಆ ಕ್ರಮಗಳು ಯಾವುವು ಎಂದು ಬರೆದಿಟ್ಟಿದ್ದಾರಾ? ಬರೆದಿಡದಿದ್ದರೆ, ಒಂದು ದಿನ ಅಭ್ಯಾಸ ಮುಗಿಸಿ ಬಂದ ಮಗುವಿನ ಕಾರಿನ ಹಿಂಬದಿಯಲ್ಲಿ ಶಾಟ್‌ಗನ್ ಸಿಕ್ಕಿದಾಗ ಯಾರು ಏನು ಹೇಳಬೇಕು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಶಿಕ್ಷೆ ಮಾತ್ರ ಆ ಮಗುವಿಗೆ.

ಆಮೇಲೆ ಕಳೆದ ಮೂರು ವರ್ಷ ತಂಡದ ಹೆಸರಿನಲ್ಲಿ ಬಂದ ದೇಣಿಗೆಗಳ ನಿರ್ಣಯಗಳನ್ನು ಕೇಳಿ. ಹಣ ಮಾತ್ರ ಅಲ್ಲ, ವಸ್ತುವಿನ ರೂಪದಲ್ಲಿ ಬಂದದ್ದನ್ನೂ ಕೇಳಿ. ಬಂದೂಕು, ಕಾಡತೂಸು, ಕಿವಿ ಮುಚ್ಚಳ, ಎಲ್ಲ. ತಂಡಕ್ಕೆ ಸೇರಿದ ಬಂದೂಕುಗಳಿದ್ದರೆ ಅವುಗಳ ಪಟ್ಟಿ, ರಾತ್ರಿ ಅವು ಎಲ್ಲಿರುತ್ತವೆ, ಬೀಗದ ಕೈ ಯಾರ ಹತ್ತಿರ, ವರ್ಷಕ್ಕೆ ಎಷ್ಟು ಸಲ ಎಣಿಸುತ್ತಾರೆ ಎಂದು ಕೇಳಿ. ನೀವು ಎನ್‌ಸಿಸಿಯಲ್ಲಿ ನೋಡಿರುತ್ತೀರಿ. ಫೈರಿಂಗ್ ಮುಗಿದ ಮೇಲೆ ಖಾಲಿ ಕೇಸ್‌ಗಳನ್ನು ಹೆಕ್ಕಿ, ಎಣಿಸಿ, ವಾಪಸ್ ಕೊಡುವವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಆ ಶಿಸ್ತು ಅನುಮಾನದಿಂದ ಬಂದದ್ದಲ್ಲ. ಸರ್ಕಾರದ ವಸ್ತು, ಅದರಲ್ಲೂ ಆಯುಧ, ಆದ್ದರಿಂದ ಲೆಕ್ಕ ಸರಿಹೋಗಲೇಬೇಕು ಎಂಬ ನಿಯಮ. ಇಲ್ಲಿ ಸ್ವಂತ ಬಂದೂಕುಗಳು ಜಾಸ್ತಿ ಇರುವುದರಿಂದ ಅಷ್ಟು ಬಿಗಿ ಆಗದು. ಆದರೆ ಶಾಲೆಯ ಹೆಸರಿನಲ್ಲಿ ಇರುವ ಬಂದೂಕಿಗೆ ಅಷ್ಟೇ ಬಿಗಿ ಬೇಕು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಸ್ವಯಂಸೇವಕ ಕೋಚ್‌ಗಳ ಪೊಲೀಸ್ ಪೂರ್ವಾಪರ ತಪಾಸಣೆ ಆಗಿದೆಯೇ ಎಂದೂ ಕೇಳಿ. ಕೆಲಸಕ್ಕೆ ಸೇರಿಸಿಕೊಳ್ಳುವವರಿಗೆ ಮಾತ್ರ ಅಲ್ಲ, ಸಂಬಳವಿಲ್ಲದೆ ಕೋಚ್ ಆಗುವವರಿಗೂ ಮಿನ್ನೆಸೋಟದಲ್ಲಿ ಅದು ಕಡ್ಡಾಯ. ಬೇರೆ ಸ್ವಯಂಸೇವಕರ ವಿಷಯವನ್ನು ಮಾತ್ರ ಶಾಲೆಯ ಇಷ್ಟಕ್ಕೆ ಬಿಟ್ಟಿದ್ದಾರೆ. ನಿಮ್ಮ ಡಿಸ್ಟ್ರಿಕ್ಟ್ ಕೋಚ್‌ಗಳಿಗೆ ಮಾಡಿಸದಿದ್ದರೆ ಮಾಡಿಸಿ ಎಂದು ಬೋರ್ಡ್ ಸಭೆಯಲ್ಲಿ ಎದ್ದು ಹೇಳಲು ಯಾವ ಸಂಕೋಚವೂ ಬೇಡ. ಅಲ್ಲಿ ಸಾರ್ವಜನಿಕರು ಮಾತಾಡುವುದಕ್ಕೆ ಸಾಮಾನ್ಯವಾಗಿ ಕೆಲವು ನಿಮಿಷ ಇಟ್ಟಿರುತ್ತಾರೆ.

ಸೀಸದ ವಿಷಯವನ್ನು ಪೋಷಕರು ಮರೆಯುತ್ತಾರೆ. ಶಾಟ್‌ಗನ್ ಕಾಡತೂಸಿನಲ್ಲಿ ಹೆಚ್ಚಾಗಿ ಸೀಸದ ಚೂರುಗಳೇ ಇರುತ್ತವೆ. ಹೊರಗಿನ ಬಯಲಿನಲ್ಲಿ ಮಗುವಿಗೆ ಅಪಾಯ ಕಡಿಮೆ. ಕೈ ತೊಳೆದು ತಿನ್ನಬೇಕು, ಮನೆಗೆ ಬಂದು ಬಟ್ಟೆ ಬದಲಿಸಬೇಕು. ಆದರೆ ನೆಲಕ್ಕೆ ಬಿದ್ದ ಸೀಸ ಅಲ್ಲೇ ಉಳಿಯುತ್ತದೆ. ರೇಂಜ್‌ಗೆ ಅನುದಾನ ಕೊಟ್ಟವರು ಅದನ್ನು ತೆಗೆಯುವ ಯೋಜನೆ ಕೇಳಿದ್ದಾರೆಯೇ ಎಂದು ನೈಸರ್ಗಿಕ ಸಂಪನ್ಮೂಲ ಇಲಾಖೆಗೆ ಬರೆಯಬಹುದು. ಒಳಾಂಗಣ ರೇಂಜ್ ಆದರೆ ಮಾತು ಬೇರೆ. ಅಲ್ಲಿ ಗಾಳಿಯ ವ್ಯವಸ್ಥೆ ಸರಿಯಿಲ್ಲದಿದ್ದರೆ ಸೀಸದ ದೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಚಳಿಗಾಲದಲ್ಲಿ ಒಳಗೆ ಅಭ್ಯಾಸ ಎಂದರೆ ಆ ಕಟ್ಟಡದ ಗಾಳಿ ಪರೀಕ್ಷೆಯ ವರದಿ ನೋಡದೆ ಕಳಿಸಬೇಡಿ.

ಬೂಸ್ಟರ್ ಕ್ಲಬ್‌ಗೆ 13ನೇ ಅಧ್ಯಾಯ ಅನ್ವಯಿಸುವುದಿಲ್ಲ ಎಂದು ನಿಮಗೆ ಹೇಳಬಹುದು. ಅದು ಸರಿ. ಆದರೆ ಕ್ಲಬ್ ಮತ್ತು ಶಾಲೆಯ ನಡುವಿನ ಒಪ್ಪಂದ, ಶಾಲೆಯ ಹೆಸರು ಮತ್ತು ಚಿಹ್ನೆ ಬಳಸಲು ಕೊಟ್ಟ ಅನುಮತಿ, ಶಾಲೆಯ ಇಮೇಲ್‌ನಿಂದ ಹೋದ ಪತ್ರಗಳು, ಇವು ಡಿಸ್ಟ್ರಿಕ್ಟ್‌ನ ದಾಖಲೆಗಳು. ಮಕ್ಕಳ ಖಾಸಗಿ ವಿವರ ಬಿಟ್ಟು ಉಳಿದದ್ದನ್ನು ನೋಡಬಹುದು. ಒಪ್ಪಂದವೇ ಇಲ್ಲ ಎಂಬ ಉತ್ತರ ಬಂದರೂ ನಿಮಗೆ ಉಪಯೋಗವೇ. ಆಗ ಬೋರ್ಡ್ ಮುಂದೆ ಇಡಬೇಕಾದ ಬೇಡಿಕೆ ಸ್ಪಷ್ಟ: ಶಾಲೆಯ ಹೆಸರು ಬಳಸುವ ಕ್ಲಬ್ ವರ್ಷಕ್ಕೊಮ್ಮೆ ಒಂದು ಪುಟದ ಆದಾಯ ಖರ್ಚಿನ ಪಟ್ಟಿಯನ್ನು ಬೋರ್ಡ್‌ಗೆ ಕೊಡಬೇಕು, ಅದು ನಡಾವಳಿಯಲ್ಲಿ ಸೇರಬೇಕು. ಫುಟ್‌ಬಾಲ್ ಕ್ಲಬ್‌ಗೂ ಬ್ಯಾಂಡ್ ಕ್ಲಬ್‌ಗೂ ಇದೇ ನಿಯಮ ಇರಲಿ ಎಂದು ಸೇರಿಸಿ. ಶೂಟಿಂಗ್ ತಂಡವನ್ನು ಮಾತ್ರ ಬೇರೆ ನಿಲ್ಲಿಸಿ ಪ್ರಶ್ನಿಸಿದರೆ ಸಭೆ ಬಂದೂಕಿನ ಪರ ವಿರೋಧದ ಜಗಳಕ್ಕೆ ತಿರುಗುತ್ತದೆ, ಲೆಕ್ಕದ ಮಾತು ಅಲ್ಲೇ ನಿಲ್ಲುತ್ತದೆ.

ಮಗಳನ್ನು ಸೇರಿಸಬೇಕೋ ಬೇಡವೋ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಇದು ಏಕಾಗ್ರತೆಯ ಆಟ, ಒಳ್ಳೆಯ ಆಟ. ವೀಸಾದ ತೊಡಕು ಬಗೆಹರಿದು, ಮೇಲಿನ ಪ್ರಶ್ನೆಗಳಿಗೆ ಡಿಸ್ಟ್ರಿಕ್ಟ್ ನೇರವಾಗಿ ಉತ್ತರ ಕೊಟ್ಟರೆ ನಾನಾಗಿದ್ದರೆ ಕಳಿಸುತ್ತಿದ್ದೆ. ವಸಂತದ ಸೀಸನ್‌ಗೆ ನೋಂದಣಿ ಚಳಿಗಾಲದ ಕೊನೆಗೇ ಶುರುವಾಗುತ್ತದೆ. ಆದ್ದರಿಂದ ವಕೀಲರಿಗೂ ಡಿಸ್ಟ್ರಿಕ್ಟ್ ಕಚೇರಿಗೂ ಈ ವಾರವೇ ಬರೆಯಿರಿ. ಎರಡೂ ಪತ್ರಗಳಲ್ಲಿ ತಾರೀಕು ಹಾಕಿ, ಪ್ರತಿ ಇಟ್ಟುಕೊಳ್ಳಿ. ಡಿಸ್ಟ್ರಿಕ್ಟ್‌ನಿಂದ ಒಂದು ತಿಂಗಳಾದರೂ ಉತ್ತರ ಬರದಿದ್ದರೆ ದತ್ತಾಂಶ ಕಾಯ್ದೆಯ ಬಗ್ಗೆ ಸಲಹೆ ಕೊಡುವ ರಾಜ್ಯದ ಡೇಟಾ ಪ್ರಾಕ್ಟೀಸಸ್ ಕಚೇರಿಗೆ ಆ ಪ್ರತಿಯನ್ನು ಲಗತ್ತಿಸಿ ಬರೆದು ನೆರವು ಕೇಳಿ.